ದುಬೈನಲ್ಲಿ ಕೇಳಿದ ಮಾಫಿ

ನಮ್ಮಲ್ಲಿ ದೂರ ಪ್ರಯಾಣ ಹೊರಡುವವರು ಮನೆಮನೆಗೆ ಹೋಗಿ, “ಹೇಳಿದ್ದು, ಕೇಳಿದ್ದು ಮಾಫ್ ಮಾಡ್ರಿ” ಎಂದು ಕೈ ಹಿಡಿಯುತ್ತಾರೆ. ಹೋದವರು ತಿರುಗಿ ಬರುತ್ತಾರೋ ಇಲ್ಲವೋ, ಯಾರಿಗೆ ಗೊತ್ತು? ಹಜ್‌ಗೆ ಹೋಗುವವರು ಮಾಡುವ ಈ ಕೆಲಸವನ್ನು ನಮ್ಮ ಅಬ್ಬಾ ಒಂದು ವಾರದ ದುಬೈ ಪ್ರವಾಸಕ್ಕೂ ಮಾಡಿದರು. ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಓಣಿಯಲ್ಲಿ ಹಾಲಿನವನನ್ನೂ ಬಿಡಲಿಲ್ಲ. ಬಿಟ್ಟದ್ದು ಒಬ್ಬರನ್ನೇ, ಕುರುಗೋಡಿನಲ್ಲಿದ್ದ ಸ್ವಂತ ತಮ್ಮನನ್ನು.

ಆ ನನ್ನ ಚಾಚಾ ಅಣ್ಣನೊಂದಿಗೆ ಮಾತು ಬಿಟ್ಟದ್ದು ದಾದಿ, ಅಂದರೆ ಅವರಿಬ್ಬರ ತಾಯಿ, ತೀರಿಕೊಂಡ ದಿನ. ಅಜ್ಜಿ ಸಿರುಗುಪ್ಪದ ಮನೆಯಲ್ಲಿ ಕಣ್ಣು ಮುಚ್ಚಿದಾಗ ಚಾಚಾ ಕುರುಗೋಡಿನಿಂದ ಓಡೋಡಿ ಹೊರಟರು. ದಾರಿಯಲ್ಲಿ ಬಸ್ಸು ಕೆಟ್ಟಿತು. “ದಾರ್ಯಾಗ ಅದೀನಿ, ಸ್ವಲ್ಪ ತಡೀರಿ” ಎಂದು ಫೋನ್ ಮಾಡಿದರು. ಅಬ್ಬಾ ಹಟಮಾರಿ. “ಮಯ್ಯತ್ ಕಾಯಿಸಬಾರದು” ಎಂದು ಶವ ಎತ್ತಿಸಿಯೇಬಿಟ್ಟರು. ಚಾಚಾ ಖಬರಸ್ತಾನ ಮುಟ್ಟಿದಾಗ ಜನ ಕೈಯ ಮಣ್ಣು ತೊಳೆದುಕೊಳ್ಳುತ್ತಿದ್ದರು. ಹೆತ್ತವಳಿಗೆ ಮೂರು ಹಿಡಿ ಮಣ್ಣು ಕೊಡುವುದು ಮಗ ಮಾಡುವ ಕೊನೆಯ ಕೆಲಸ. ಅದು ಚಾಚಾಗೆ ಸಿಗಲಿಲ್ಲ. ಅಂದು ಅಬ್ಬಾನ ಮೇಲೆ ನನಗೆ ಬಂದ ಸಿಟ್ಟು ಪೂರ್ತಿ ಇಳಿದದ್ದೇ ಇಲ್ಲ. ಧರ್ಮ ಅವರ ಕಡೆಗಿತ್ತು, ನಿಜ. ಅರ್ಧ ಗಂಟೆ ಧರ್ಮವೂ ಕಾಯುತ್ತಿತ್ತು.

ದುಬೈನಲ್ಲಿ ಕೆಲಸಕ್ಕಿರುವ ನನ್ನ ತಮ್ಮ ಇವರಿಬ್ಬರನ್ನೂ ಒಬ್ಬರಿಗೊಬ್ಬರಿಗೆ ತಿಳಿಯದಂತೆ ಕರೆಸಿಕೊಂಡಿದ್ದ. ಅಬ್ಬಾನ ಜೊತೆ ಮಗಳು ನಾನೂ ಹೋಗಿದ್ದೆ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಎದುರಾದಾಗ ಇಬ್ಬರೂ ಗೋಡೆಯ ಬೋರ್ಡು ಓದತೊಡಗಿದರು. ಎಣ್ಣೆ ಸೀಗೇಕಾಯಿಯನ್ನು ಒಂದೇ ಮನೆಯಲ್ಲಿಟ್ಟುಕೊಂಡು ದಿನ ದೂಡಿದೆವು. ಊಟಕ್ಕೆ ಕುಳಿತರೆ ಉಪ್ಪು ಬೇಕೆನ್ನುವುದಕ್ಕೂ ನಡುವೆ ನಾನೇ ಆಗಬೇಕಿತ್ತು.

ಒಂದು ದಿನ ಥೀಮ್ ಪಾರ್ಕಿಗೆ ಹೋದೆವು. ರೋಲರ್ ಕೋಸ್ಟರ್ ಮುಂದೆ ನನ್ನ ತಮ್ಮ, “ಏನೂ ಆಗಂಗಿಲ್ಲ, ಬರ್ರಿ” ಎಂದ. ಅಬ್ಬಾಗೂ ಹೆದರಿಕೆ, ಚಾಚಾಗೂ ಹೆದರಿಕೆ. ಆದರೆ ಒಬ್ಬರೆದುರು ಒಬ್ಬರು ಹೇಳಿಯಾರೇ? ಮೀಸೆ ಮಣ್ಣಾಗಬಾರದಲ್ಲ, ಇಬ್ಬರೂ ಸಾಲಿನಲ್ಲಿ ನಿಂತರು. ಅಲ್ಲಿನ ಕೆಲಸದ ಹುಡುಗಿ ಬಂದವರನ್ನು ಬಂದಂತೆ ಇಬ್ಬಿಬ್ಬರಾಗಿ ಕೂರಿಸುತ್ತಿದ್ದಳು. ಅಣ್ಣ ತಮ್ಮ ಒಂದೇ ಸೀಟಿನಲ್ಲಿ ಸಿಕ್ಕಿಕೊಂಡರು. ಹಿಂದಿನ ಸೀಟು ನಮ್ಮದು.

ಹೆಗಲ ಮೇಲೆ ಕಬ್ಬಿಣದ ಪಟ್ಟಿ ಇಳಿಯಿತು. ಬಂಡಿ ನಿಧಾನವಾಗಿ ಮೇಲೇರತೊಡಗಿತು. ಅಬ್ಬಾ ಸಾಯುವವರಂತೆ ಕಲ್ಮಾ ಓದುವುದು ಕೇಳಿಸಿತು. ಇದು ನಿಜವಾಗಿಯೂ ಕೊನೆಯ ಪ್ರಯಾಣವೆಂದೇ ಅವರು ನಂಬಿದ್ದರು. ಇನ್ನೇನು ತುದಿ ಮುಟ್ಟಬೇಕು, ಪಕ್ಕಕ್ಕೆ ತಿರುಗಿ ಕೂಗಿಕೊಂಡರು: “ಲೇ ತಮ್ಮಾ, ಮಾಫ್ ಮಾಡೋ! ಅವತ್ತು ನಾ ತಡೀಬೇಕಾಗಿತ್ತು!”

ಅಷ್ಟರಲ್ಲಿ ಬಂಡಿ ಕೆಳಕ್ಕೆ ಧುಮುಕಿತು.

ಇಳಿದ ಮೇಲೆ ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ನೀರು ಕುಡಿಸಿದೆ. ಚಾಚಾ ಬಾಟಲಿ ಪಕ್ಕಕ್ಕಿಟ್ಟು, “ಮಾಫ್ ಮಾಡೀನಿ ಭಾಯ್, ಮನಸಾರೆ ಮಾಡೀನಿ” ಎಂದರು. “ಆದ್ರ ಅಮ್ಮಾಗ ಮಣ್ಣು ಕೊಡಲಿಲ್ಲ ಅನ್ನೋ ಸಂಕಟ ಹೋಗವಲ್ದು.”

ಅಬ್ಬಾ ನನ್ನನ್ನು ಹತ್ತಿರ ಕರೆದರು. ನಾವು ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ. ಮನೆಯಲ್ಲಿ ಮಯ್ಯತ್ತಿನ ಪಕ್ಕ ಕೂರುವವರು ಮಾತ್ರ ನಾವೇ.

“ಮಗಳಾ, ನಾ ಹೋದಾಗ ನನ್ನ ಹತ್ರ ಕೂಡಾಕಿ ನೀನ” ಎಂದರು. “ನಿನ್ನ ಚಾಚಾ ಬರೋತನಕ ನನ್ನ ಎತ್ತಾಕ ಬಿಡಬ್ಯಾಡ. ಯಾರು ಏನರ ಅನ್ನಲಿ, ಕಾಯಿಸು. ಮೊದಲ ಹಿಡಿ ಮಣ್ಣು ಅವನದ.”

ಚಾಚಾ ಅಣ್ಣನ ಕೈಯನ್ನು ಮುಖಕ್ಕೆ ಒತ್ತಿಕೊಂಡು ಅತ್ತರು. “ಆಯ್ತು ಅಬ್ಬಾ, ಕಾಯಸ್ತೀನಿ” ಎಂದೆ.