ಕೋಡಿನೊಳಗೆ ಬರೆದಿಟ್ಟ ಫೋನ್ ನಂಬರ್

ಐದು ವರ್ಷಗಳ ಹಿಂದೆ ನಾನು ಬಾಗಲಕೋಟೆಯಲ್ಲಿ ಸಣ್ಣಪುಟ್ಟ ಎಲೆಕ್ಟ್ರಾನಿಕ್ ಸಾಧನಗಳಿಗೆ ಪ್ರೋಗ್ರಾಂ ಬರೆಯುವ ಎಂಜಿನಿಯರ್ ಆಗಿದ್ದೆ. ಕುಳಗೇರಿ ಕ್ರಾಸ್‌ನ ಒಂದು ಕುರಿ ಸಾಕಣೆದಾರರ ಸಂಘ ತನ್ನ ಲಸಿಕೆಯ ಫ್ರಿಜ್ಜಿಗೆ ಅಲಾರಂ ಬೇಕೆಂದಿತು. ಕುರಿಗಳಿಗೆ ಬರುವ ಹಿರೇಬೇನೆಯ ಲಸಿಕೆ ಎರಡರಿಂದ ಎಂಟು ಡಿಗ್ರಿಯೊಳಗೇ ಇರಬೇಕು. ಬಿಸಿಯಾದರೆ ಸತ್ವ ಹೋಗುತ್ತದೆ, ನೋಡಲು ಮಾತ್ರ ಮೊದಲಿನಂತೆಯೇ ಇರುತ್ತದೆ. ನಾನು ಮಾಡಿಕೊಟ್ಟ ಪೆಟ್ಟಿಗೆ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಫ್ರಿಜ್ ಬಿಸಿಯಾದರೆ ಸಂಘದ ಕಂಪೌಂಡರ್ ಸಂಗಪ್ಪನವರ ಮೊಬೈಲಿಗೆ ಮೆಸೇಜ್ ಕಳಿಸುತ್ತಿತ್ತು.

ಇಂಥ ನಂಬರನ್ನು ಪ್ರೋಗ್ರಾಮಿನ ಹೊರಗೆ, ಸೆಟ್ಟಿಂಗ್ಸ್‌ನಲ್ಲಿ ಇಡಬೇಕು, ಬೇಕಾದವರು ಬದಲಿಸಿಕೊಳ್ಳುವಂತಿರಬೇಕು. ನನಗೆ ಗೊತ್ತಿಲ್ಲದ್ದೇನಲ್ಲ, ಕಾಲೇಜಿನ ಹುಡುಗರಿಗೆ ಇದನ್ನೇ ಪಾಠ ಮಾಡಿ ಬಂದ ಮಹಾನುಭಾವ ನಾನು. ಆದರೂ ಅವಸರದಲ್ಲಿ ಆ ನಂಬರನ್ನು ಪ್ರೋಗ್ರಾಮಿನ ಕೋಡಿನೊಳಗೇ ಬರೆದುಬಿಟ್ಟೆ. ಬದಲಿಸಬೇಕೆಂದರೆ ನಾನೇ ಲ್ಯಾಪ್‌ಟಾಪ್ ಹೊತ್ತು ಹೋಗಬೇಕಿತ್ತು.

ನಿವೃತ್ತರಾದ ವಾರ ಸಂಗಪ್ಪ ಫೋನ್ ಮಾಡಿದರು.

“ಸರ, ನಾ ಶ್ರೀಶೈಲಕ್ಕ ನಡಕೋತ ಹೊಂಟೇನಿ. ಫೋನ್ ಮನ್ಯಾಗ ಬಿಡ್ತೇನಿ. ಹೊಸಾ ಕಂಪೌಂಡರ್‌ನ ನಂಬರ್ ಹಾಕಿಬಿಡ್ರಿ.”

“ಯುಗಾದಿ ಮುಗೀಲ್ರಿ, ಬಂದು ಹಾಕ್ತೇನಿ” ಎಂದೆ.

ಹಬ್ಬದ ರಜೆಯಲ್ಲಿ ಸಂಘಕ್ಕೆ ಬೀಗ ಬಿದ್ದಿತ್ತು. ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕರೆಂಟ್ ಇರಲಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಕರೆಂಟ್ ಬಂದು ಫ್ರಿಜ್ ಮತ್ತೆ ತಣ್ಣಗಾಗಿತ್ತು. ಹಬ್ಬ ಮುಗಿದರೂ ನಾನಿನ್ನೂ ಹೋಗಿರಲಿಲ್ಲ. ಹೊಸ ಕಂಪೌಂಡರ್ ಏನೂ ಅರಿಯದೆ ಆ ಲಸಿಕೆಯನ್ನೇ ಲಗಮವ್ವನ ಕುರಿಗಳಿಗೆ ಚುಚ್ಚಿದ. ಗಂಡ ತೀರಿದ ಮೇಲೆ ಅರವತ್ತೆರಡು ಕುರಿಗಳನ್ನು ಒಬ್ಬಳೇ ಮೇಯಿಸಿಕೊಂಡಿದ್ದ ಹೆಂಗಸು. ಎರಡು ತಿಂಗಳೊಳಗೆ ಹಿಂಡಿಗೆ ಹಿರೇಬೇನೆ ಬಂತು. ನಲವತ್ತೊಂದು ಕುರಿಗಳು ಸತ್ತವು.

ಲಸಿಕೆ ಹಾಕಿಸಿಯೂ ಹೀಗೇಕಾಯಿತೆಂದು ಸಂಘದವರು ನನ್ನನ್ನು ಕರೆಸಿದರು. ಪೆಟ್ಟಿಗೆಯ ದಾಖಲೆ ತೆಗೆದು ನೋಡಿದೆ. ಆ ಎರಡು ದಿನ ಫ್ರಿಜ್ಜಿನೊಳಗೆ ಮೂವತ್ತೊಂದು ಡಿಗ್ರಿ ಇತ್ತು. ಪೆಟ್ಟಿಗೆ ಹನ್ನೊಂದು ಸಲ ಮೆಸೇಜ್ ಕಳಿಸಿತ್ತು, ಎಲ್ಲವೂ ಸಂಗಪ್ಪನವರ ನಂಬರಿಗೆ. ಇಂಗ್ಲಿಷ್ ಬಾರದ ಅವರ ಹೆಂಡತಿ, ಯಾವುದೋ ಕಂಪನಿಯ ಜಾಹೀರಾತೆಂದು ಎಲ್ಲವನ್ನೂ ಅಳಿಸಿದ್ದರು. ಅವರದೇನು ತಪ್ಪು?

ಲಗಮವ್ವನಿಗೆ ನಾನೇ ಹೋಗಿ ಹೇಳಿದೆ. ಬೀರಪ್ಪನ ಹರಕೆ ತಡಮಾಡಿದ್ದಕ್ಕೇ ಹೀಗಾಯಿತೆಂದು ಆಕೆ ತನ್ನನ್ನು ತಾನೇ ಬೈದುಕೊಳ್ಳುತ್ತ, ಊಟ ಬಿಟ್ಟು ಕೂತಿದ್ದಳು. ಎಲ್ಲವನ್ನೂ ಕೇಳಿದ ಮೇಲೆ ನಿಧಾನವಾಗಿ ಕೇಳಿದಳು:

“ಹಂಗಾರ ನಂದೇನೂ ತಪ್ಪಿಲ್ಲೇನಪಾ?”

“ಇಲ್ಲವ್ವಾ. ತಪ್ಪು ನಂದು.”

“ಆ ನಂಬರ್ ಬದಲಿ ಮಾಡಾಕ ಎಷ್ಟೊತ್ತು ಹಿಡಿತಿತ್ತು?”

“ಹತ್ತು ನಿಮಿಷ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ.

ಈಗ ಆ ಪೆಟ್ಟಿಗೆಯ ನಂಬರನ್ನು ಸಂಘದವರೇ ಬದಲಿಸಿಕೊಳ್ಳಬಹುದು. ಮೆಸೇಜ್ ಕನ್ನಡದಲ್ಲಿ ಮೂವರಿಗೆ ಹೋಗುತ್ತದೆ. ಜನ ಕೆಲಸ ಬಿಡುತ್ತಾರೆ, ಊರು ಬಿಡುತ್ತಾರೆ. ಕೋಡಿಗೆ ಅದು ತಿಳಿಯುವುದಿಲ್ಲ, ಬರೆಯುವವನೇ ಮೊದಲು ಯೋಚಿಸಬೇಕು. ನನ್ನ ವೃತ್ತಿ ಕಲಿಸಿದ ಪಾಠ ಇಷ್ಟೇ. ಇದನ್ನು ಕಲಿಯಲು ನಾನು ಕಳೆದುಕೊಂಡದ್ದು ಏನೂ ಇಲ್ಲ. ಕಳೆದುಕೊಂಡವಳು ಲಗಮವ್ವ.