ಮೊದಲ ತುತ್ತು ಭಾವನದು

ವಾರದ ಆರು ದಿನ ಟೈಲರಮ್ಮನಿಗೆ ತಿಂಡಿಯೆಂದರೆ ಹೊಲಿಗೆ ಯಂತ್ರದ ಪಕ್ಕ ನಿಂತೇ ನುಂಗುವ ಎರಡು ಚೂರು ಬ್ರೆಡ್ಡು. ಭಾನುವಾರ ಮಾತ್ರ ಮೊದಲ ಬಸ್ಸು ಹಿಡಿದು ಹಳ್ಳಿಗೆ, ಅಕ್ಕನ ಮನೆಗೆ ಓಡುತ್ತಿದ್ದಳು. ಅಕ್ಕ ನಸುಕಿನಲ್ಲೇ ಮನೆ ಹಿಂದಿನ ಕಾಡಿಗೆ ಹೋಗಿ ಬುಟ್ಟಿ ತುಂಬ ಅಣಬೆ ಕಿತ್ತು ತರುತ್ತಿದ್ದಳು. ಬೆಣ್ಣೆಯಲ್ಲಿ ಹುರಿದ ಅಣಬೆ, ಎರಡು ಮೊಟ್ಟೆ, ಕೆನೆಗಟ್ಟಿದ ಹಾಲು. ಇಷ್ಟು ಹೊಟ್ಟೆಗೆ ಬಿದ್ದರೆ ಟೈಲರಮ್ಮನಿಗೆ ವಾರವಿಡೀ ಬಗ್ಗಿ ಹೊಲಿದ ಬೆನ್ನುನೋವು ಮರೆತೇ ಹೋಗುತ್ತಿತ್ತು.

"ನೀನು ಬರೋದು ಅಕ್ಕನ್ನ ನೋಡೋಕೋ, ಬಾಣಲೆ ನೋಡೋಕೋ?" ಎಂದು ಭಾವ ಕಾಲೆಳೆಯುತ್ತಿದ್ದರು. ಮರ ಕೊಯ್ಯುವ ಮಿಲ್ಲಿನಲ್ಲಿ ಜೀವನವಿಡೀ ದುಡಿದವರು. ಮಾತು ಹೆಚ್ಚು, ಊಟ ನಿಧಾನ. ಒಂದು ಮೊಟ್ಟೆ ಮುಗಿಸುವಷ್ಟರಲ್ಲಿ ಮೂರು ಕತೆ ಹೇಳುವ ಜನ.

ಅಂಥ ಭಾವ ಆ ವರ್ಷ ಮಳೆ ನಿಂತ ಮೇಲೆ ಎಲ್ಲರಿಗಿಂತ ಮೊದಲು ತಟ್ಟೆಗೆ ಕೂರತೊಡಗಿದರು. "ನೀವಿಬ್ರೂ ಕೋಳಿಗೂಡಿನ ಕಡೆ ಹೋಗ್ಬನ್ನಿ, ನನಗೆ ಹಸಿವು ತಡೆಯಲ್ಲ" ಎನ್ನುತ್ತಿದ್ದರು. ತಿಂದಾದ ಮೇಲೆ ಮಾತಿಲ್ಲ, ಕತೆಯಿಲ್ಲ, ಗೋಡೆಯ ಗಡಿಯಾರದ ಮೇಲೇ ಕಣ್ಣು. ಒಂದು ಗಂಟೆ ಕಳೆದ ಮೇಲೆಯೇ ಅಕ್ಕತಂಗಿಯರಿಗೆ ಬಡಿಸುತ್ತಿದ್ದರು.

ಮೂರನೆಯ ಭಾನುವಾರ ಟೈಲರಮ್ಮ ಅಕ್ಕನನ್ನು ಅಂಗಳಕ್ಕೆ ಕಳಿಸಿ ಒಳಗೇ ನಿಂತಳು.

"ಏನು ನಡೀತಿದೆ ಭಾವ?"

ಭಾವ ಕಿಟಕಿಯಾಚೆ ನೋಡಿ ದನಿ ತಗ್ಗಿಸಿದರು. "ನಿಮ್ಮಕ್ಕನಿಗೆ ಮರೆವು ಶುರುವಾಗಿದೆಯಮ್ಮ. ಒಲೆ ಮೇಲೆ ಹಾಲಿಟ್ಟು ಹಾಲೆಲ್ಲಿ ಅಂತ ಕೇಳ್ತಾಳೆ. ಮೊನ್ನೆ ನನ್ನ ಮುಖ ನೋಡಿ, ಯಾರು ಬೇಕಾಗಿತ್ತು ಅಂದಳು."

ಟೈಲರಮ್ಮ ಒಲೆ ಮೇಲಿನ ಬಾಣಲೆಯತ್ತ ತಿರುಗಿದಳು. ಯಾವುದು ಒಳ್ಳೆಯ ಅಣಬೆ, ಯಾವುದು ಕೆಟ್ಟದ್ದು ಎಂದು ಆ ಮನೆಯಲ್ಲಿ ಬಲ್ಲವಳು ಅಕ್ಕ ಒಬ್ಬಳೇ.

"ಮತ್ತೆ ಕಾಡಿಗೆ ಯಾಕೆ ಬಿಡ್ತೀರಿ?"

"ಎರಡು ದಿನ ಬಾಗಿಲು ಹಾಕಿ ನೋಡಿದೆ. ಅನ್ನ ನೀರು ಬಿಟ್ಟು ಗೋಡೆ ನೋಡ್ತಾ ಕೂತಳು. ಅವಳಿಗೆ ಉಳಿದಿರೋ ಸುಖ ಅದೊಂದೇ ತಾನೇ? ಮೊದಲು ನಾನು ತಿಂದು ನೋಡ್ತೀನಿ. ಏನೂ ಆಗ್ಲಿಲ್ಲ ಅಂದ್ರೆ ನಿಮಗೆ."

ಅಂದು ಟೈಲರಮ್ಮ ಅಣಬೆ ಮುಟ್ಟಲಿಲ್ಲ. ವಾಪಸ್ಸು ಬರುವಾಗ ಟೈಲರಮ್ಮ ಬಸ್ ನಿಲ್ದಾಣದ ಬಳಿಯ ಔಷಧಿ ಅಂಗಡಿಗೆ ಹೋಗಿ ವಿಚಾರಿಸಿದಳು. ಅಂಗಡಿಯವನು ಕನ್ನಡಕ ತೆಗೆದಿಟ್ಟ. "ಬಹಳ ಕೆಟ್ಟ ಜಾತಿದು ಒಂದು ಗಂಟೇಲಿ ತೋರಿಸಿಕೊಳ್ಳಲ್ಲಮ್ಮ. ಅರ್ಧ ದಿನ ಬೇಕು, ಒಂದೊಂದ್ಸಲ ಪೂರಾ ದಿನ. ಅಷ್ಟರಲ್ಲಿ ಲಿವರ್ ಕೆಡೋಕೆ ಶುರುವಾಗಿರುತ್ತೆ."

ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿ ಹೇಳಿದಳು. "ಸರಿ, ಇನ್ಮೇಲೆ ಅವಳ ಕಣ್ಣು ತಪ್ಪಿಸಿ ಗುಂಡಿಗೆ ಸುರಿದುಬಿಡ್ತೀನಿ" ಎಂದರು.

ಬುಧವಾರ ಪಕ್ಕದ ಮನೆಯ ಹೆಂಗಸು ಫೋನ್ ಮಾಡಿದಳು. ಭಾವನಿಗೆ ಬೆಳಗಿನಿಂದ ವಾಂತಿ ಬಿಟ್ಟೂಬಿಡದೆ ಆಗುತ್ತಿತ್ತು.

"ನಿನ್ನೆ ತಟ್ಟೆ ಹಿಡಿದು ಎದುರಿಗೇ ನಿಂತಳು, ಹೇಗಿದೆ ಹೇಳಿ ಅಂತ. ನಾಲ್ಕೇ ತುಂಡು ತಿಂದೆ, ಉಳಿದಿದ್ದನ್ನ ಗುಂಡಿಗೆ ಸುರಿದೆ" ಎಂದರು ಭಾವ, ಆಸ್ಪತ್ರೆಯ ಹಾಸಿಗೆಯಲ್ಲಿ. ಮರುದಿನ ಎದ್ದು ಕೂತು ಗಂಜಿ ಕುಡಿದರು, ನರ್ಸನ್ನು ನಗಿಸಿದರು. ಟೈಲರಮ್ಮನಿಗೆ ಹೋದ ಜೀವ ಬಂದಂತಾಯಿತು. ಡಾಕ್ಟರ್ ಮಾತ್ರ ನಗಲಿಲ್ಲ. "ಇದರಲ್ಲಿ ನಡುವೆ ಹೀಗೊಂದು ಒಳ್ಳೆ ದಿನ ಬರುತ್ತೆ" ಎಂದರು. ಮೂರನೆಯ ದಿನ ಭಾವನ ಕಣ್ಣು ಹಳದಿಯಾಯಿತು. ಆರನೆಯ ದಿನ ತೀರಿಕೊಂಡರು.

ಟೈಲರಮ್ಮ ಬಾಡಿಗೆ ಕೋಣೆ ಖಾಲಿ ಮಾಡಿ, ಹೊಲಿಗೆ ಯಂತ್ರದ ಸಮೇತ ಅಕ್ಕನ ಮನೆ ಸೇರಿದಳು. ಬುಟ್ಟಿಯನ್ನು ಸುಟ್ಟಳು. ಹಿತ್ತಿಲ ಬಾಗಿಲಿಗೆ ಬೀಗ ಹಾಕಿದಳು. ಅಕ್ಕ ದಿನಕ್ಕೆ ನಾಲ್ಕು ಸಲ "ಅವರು ಮಿಲ್ಲಿಂದ ಬಂದ್ರಾ?" ಎಂದು ಕೇಳುತ್ತಿದ್ದಳು. ಇವಳು ಸೂಜಿಗೆ ದಾರ ಪೋಣಿಸುತ್ತ "ಬರ್ತಾರೆ" ಎನ್ನುತ್ತಿದ್ದಳು. ನಿಜ ಹೇಳಿದ್ದ ದಿನ ಅಕ್ಕ ಮೊದಲ ಸಲ ಕೇಳಿದವಳಂತೆ ಅತ್ತಿದ್ದಳು; ಅದನ್ನು ಇನ್ನೊಮ್ಮೆ ನೋಡುವ ಧೈರ್ಯ ಇವಳಿಗಿರಲಿಲ್ಲ.

ಒಂದು ಬೆಳಿಗ್ಗೆ ಎದ್ದಾಗ ಮುಂಬಾಗಿಲು ತೆರೆದಿತ್ತು. ಅಕ್ಕ ರಸ್ತೆ ಕಡೆಯಿಂದ ಬರುತ್ತಿದ್ದಳು. ಕೈಬೆರಳಿಗೆಲ್ಲ ಕಾಡಿನ ಮಣ್ಣು, ಮಡಿಲು ಖಾಲಿ.

"ಅಕ್ಕ, ಏನು ಕಿತ್ತೆ? ಎಲ್ಲಿಟ್ಟೆ?"

"ನೀನಂತೂ ತಿನ್ನಲ್ಲ" ಎಂದಳು ಅಕ್ಕ, ಖುಷಿಯಾಗಿ. "ತಿನ್ನೋರಿಗೆ ಕೊಟ್ಟುಬಂದೆ."

ಟೈಲರಮ್ಮ ಬರಿಗಾಲಲ್ಲೇ ಓಡಿದಳು. ಪಕ್ಕದ ಮನೆಯ ಹೆಂಗಸು ಬಾಗಿಲಲ್ಲೇ ಸಿಕ್ಕಳು. "ನನಗೆ ಕೊಟ್ಟಿದ್ದನ್ನ ಆಗಲೇ ಎಸೆದೆ ಕಣೆ. ನಿನಗೆ ಹೇಳೋಕೇ ಹೊರಟಿದ್ದೆ. ಆಮೇಲೆ ಗಾರೆ ಮೇಸ್ತ್ರಿ ಮನೆ ಕಡೆ ಹೋದಳು."

ಒಂಟಿಯಾಗಿದ್ದ ಮುದಿ ಮೇಸ್ತ್ರಿ ಆ ಊರಿಗೆ ಹೊಸಬ; ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಬ್ರೆಡ್ಡಿನ ಕೊನೆಯ ಚೂರಿನಿಂದ ತಟ್ಟೆ ಒರೆಸುತ್ತಿದ್ದ. ಟೈಲರಮ್ಮನನ್ನು ಕಂಡು ಕುರ್ಚಿ ಸರಿಸಿದ. "ಬಾಮ್ಮ, ಕೂತ್ಕೋ. ನಿಮ್ಮಕ್ಕನ ಕೈಗೆ ಎಷ್ಟು ಪುಣ್ಯ ಇದೆ. ವರ್ಷಗಳಾದ್ಮೇಲೆ ಇವತ್ತು ತಿಂಡಿ ಅಂತ ತಿಂದೆ."

ಆಂಬುಲೆನ್ಸ್‌ಗೆ ಅವಳು ನಿಂತಲ್ಲೇ ಫೋನ್ ಮಾಡಿದಳು. ಮೇಸ್ತ್ರಿಗೆ ಎಷ್ಟು ಹೇಳಿದರೂ ನಂಬಿಕೆ ಬರಲಿಲ್ಲ. ಗಾಡಿ ಬಂದಾಗಲೂ ಎತ್ತಲು ಬಂದ ಇಬ್ಬರು ಸಿಬ್ಬಂದಿಯ ಕೈ ಕೊಡವಿ, ತಾನೇ ಹತ್ತಿ ಕೂತ. ಅವಳೂ ಪಕ್ಕದಲ್ಲಿ ಕೂತಳು. ದಾರಿಯುದ್ದಕ್ಕೂ ಅವನು ಹೊಟ್ಟೆ ನೀವಿಕೊಳ್ಳುತ್ತ ಅದನ್ನೇ ಹೇಳುತ್ತಿದ್ದ.

"ಸುಮ್ನೆ ಹೆದರ್ತೀಯಮ್ಮ. ನೋಡು, ನನಗೇನಾಗಿದೆ? ಏನೂ ಆಗಿಲ್ವಲ್ಲ."