ಕಟ್ಟಿಗೆ ಖೋಲಿಯ ಬಾಣಂತಿ

ಈ ವರ್ಷ ಶಿವರಾತ್ರಿ ಕಳೆದ ಮೊದಲ ಬುಧವಾರ, ಬೆಳಗಿನ ಆರೂವರೆ. ರಾಯಬಾಗದ ನಮ್ಮ ಮನೆಯ ಹಿತ್ತಲಲ್ಲಿ ಇದ್ದವರು ನಾನು, ನನ್ನ ಸೊಸೆ ಸವಿತಾ, ಮತ್ತು ಕಟ್ಟಿಗೆ ಇಡುವ ಖೋಲಿಯಲ್ಲಿ ನೋವು ತಿನ್ನುತ್ತಿದ್ದ ಒಂದು ಬೀದಿ ಬೆಕ್ಕು. ಮಗ ಶಿವಾನಂದ ಸಕ್ಕರೆ ಕಾರ್ಖಾನೆಯ ಮೊದಲ ಪಾಳಿಗೆ ಹೋಗಿಯಾಗಿತ್ತು. ಚಿಂಚಲಿಯ ದೇವಿ ಮಾಯಕ್ಕನನ್ನು ನಂಬಿ ನಡೆಯುವ ನಿಮ್ಮೆಲ್ಲರ ಮುಂದೆ ಆ ದಿನದ ಸಂಗತಿಯನ್ನು ನಡೆದಂತೆಯೇ ಇಡುತ್ತೇನೆ. ಹೆಣ್ಣುಮಕ್ಕಳ ವಸತಿ ನಿಲಯ ನೋಡಿಕೊಂಡು ನಿವೃತ್ತಳಾದವಳು ನಾನು. ಇಲ್ಲದ್ದನ್ನು ಸೇರಿಸಿ ಹೇಳುವ ರೂಢಿ ನನಗಿಲ್ಲ.

ನಮ್ಮ ಸಂಕಟ ಶುರುವಾದದ್ದು ಹೋದ ದೀಪಾವಳಿಯ ಹೊತ್ತಿಗೆ. ಸವಿತಾಳಿಗೆ ಎಂಟನೇ ತಿಂಗಳು. ಸೀಮಂತದ ಕುಬಸ ಮುಗಿದಿತ್ತು, ತವರಿನವರು ಅಥಣಿಗೆ ಕರೆದೊಯ್ಯಲು ದಿನ ನೋಡಿದ್ದರು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಅತ್ತಿ, ನಿನ್ನೆಯಿಂದ ಕೂಸು ಮಿಸುಕಾಡವಲ್ದು" ಎಂದಳು. ಬಾಡಿಗೆ ಗಾಡಿ ಮಾಡಿ ಮಿರಜಿನ ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರು. ವೈದ್ಯರು ಮಾಡಬೇಕಾದುದನ್ನೆಲ್ಲ ಮಾಡಿದರು. ತಾಯಿ ಉಳಿದಳು. ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು.

ನಮ್ಮ ಕಡೆ ಒಂದು ಪದ್ಧತಿಯುಂಟು. ಹೀಗೆ ಹುಟ್ಟಿದ ಮಗುವನ್ನು ತಾಯಿಗೆ ತೋರಿಸುವುದಿಲ್ಲ. ಸವಿತಾಳ ಅವ್ವನೂ ದೊಡ್ಡವ್ವನೂ ಬಾಗಿಲಲ್ಲೇ ನಿಂತು, "ಕೂಸಿನ ಮಾರಿ ನೋಡಿದ್ರ ಮಾಯೆ ಹತ್ತತೈತಿ, ಆಕಿಗೆ ಎಚ್ಚರಾಗೂದ್ರಾಗ ತಗೊಂಡು ಹೋಗ್ರಿ" ಎಂದರು. ಎಲ್ಲರ ಮನೆಯಲ್ಲೂ ಹಾಗೇ ನಡೆದು ಬಂದಿದೆ. ಎಚ್ಚರವಾದ ಮೇಲೆ ಸವಿತಾ ಎಲ್ಲರ ಕೈಗಳನ್ನು ನೋಡಿದಳು. ಏನೂ ಕೇಳಲಿಲ್ಲ. ನಾವೂ ಹೇಳಲಿಲ್ಲ.

ಅಲ್ಲಿಂದ ಅವಳ ಮಾತು ನಿಂತಿತು. ಕರೆದರೆ ಹೂಂ, ಕೇಳಿದರೆ ಹಾಂ. ಅಥಣಿಯಲ್ಲಿ ತಿಂಗಳಿದ್ದು ಬಂದರೂ ಅಷ್ಟೇ. ಊಟಕ್ಕೆ ಕೂತರೆ ಎರಡು ತುತ್ತು. ಅಳಲೂ ಇಲ್ಲ. ನಮಗೆ ಅದೇ ಹೆಚ್ಚು ಭಯ. ಮನಸ್ಸಿನ ವೈದ್ಯರಿಗೆ ತೋರಿಸಿ ಗುಳಿಗೆ ಶುರು ಮಾಡಿಸಿದೆವು. ಒಂದು ಮಧ್ಯಾಹ್ನ ನೋಡುತ್ತೇನೆ, ಬಾವಿಯ ಕಟ್ಟೆಯ ಮೇಲೆ ಕಾಲು ಒಳಗೆ ಇಳಿಬಿಟ್ಟು ಕೂತಿದ್ದಾಳೆ. ಸದ್ದಾಗದಂತೆ ಹಿಂದಿನಿಂದ ಹೋಗಿ ರಟ್ಟೆ ಹಿಡಿದು ಇಳಿಸಿದೆ. ಮರುದಿನವೇ ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿಸಿದೆ. ಆಮೇಲೆ ಅವಳೊಬ್ಬಳನ್ನೇ ಬಿಟ್ಟು ಎಲ್ಲೂ ಹೋಗಲಿಲ್ಲ.

ಸಂಕ್ರಾಂತಿಯ ಆಚೀಚೆ ಈ ಬೆಕ್ಕು ಬಂತು. ಬೂದಿ ಬಣ್ಣ, ಒಂದು ಕಿವಿ ಹರಿದಿತ್ತು, ಹೊಟ್ಟೆ ಜೋತುಬಿದ್ದಿತ್ತು. ಗಬ್ಬದ ಬೆಕ್ಕೆಂದು ನೋಡಿದ ಕೂಡಲೇ ತಿಳಿಯಿತು. ಕಸಬರಿಗೆ ತೋರಿಸಿ ಓಡಿಸಿದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಸವಿತಾ ತನ್ನ ಪಾಲಿನ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕಟ್ಟಿಗೆ ಖೋಲಿಯ ಹೊಸ್ತಿಲ ಮೇಲೆ ಇಡುತ್ತಿದ್ದಳು. ಎಷ್ಟೋ ದಿನಗಳ ಮೇಲೆ ತಾನಾಗಿ ಎದ್ದು ಮಾಡಿದ ಮೊದಲ ಕೆಲಸ. ನಾನು ಕಸಬರಿಗೆ ಮೂಲೆಗಿಟ್ಟೆ.

ಮರುದಿನದಿಂದ ಅದಕ್ಕೂ ಒಂದು ಶಿಸ್ತು ಹಾಕಿದೆ. ಬೆಳಗಿನ ಪೂಜೆಯಾದ ಮೇಲೆ ಹಾಲು-ರೊಟ್ಟಿ, ಮಧ್ಯಾಹ್ನ ನಮ್ಮ ಊಟಕ್ಕಿಂತ ಮೊದಲು ಅನ್ನ, ದೀಪ ಹಚ್ಚುವ ಹೊತ್ತಿಗೆ ಮತ್ತೆ ಹಾಲು. ಕೊಡುವ ಕೆಲಸ ಸವಿತಾಳದ್ದು. ಹೊತ್ತು ಮೀರಿದರೆ ನಾನು ಹೆಸರು ಹಿಡಿದು ಕೂಗುತ್ತಿದ್ದೆ. ಪಕ್ಕದ ಮನೆಯ ಹಸೀನಾ ಬಟ್ಟೆ ಹೊಲಿಯುವವಳು, ಬಾಯಿ ಸುಮ್ಮನಿರುವುದಿಲ್ಲ. ಗೋಡೆಯ ಮೇಲಿಂದ ಇಣುಕಿ, "ಏನ್ರಿ ಅಕ್ಕೋರ, ಬೆಕ್ಕಿಗೂ ಹಾಜರಿ ತಗೋತೀರೇನ್ರಿ? ಕುಬಸ ಯಾವಾಗ? ಹಸಿರು ಜಂಪರ್ ನಾ ಹೊಲಿದು ಕೊಡ್ತೀನಿ" ಎಂದಳು.

"ಮೊದಲ ನನ್ನ ಜಂಪರ್ ಕೊಡು, ದೀಪಾವಳಿಯಿಂದ ನಿನ್ನ ಮಷೀನದ ಮ್ಯಾಲೆ ಕುಂತೈತಿ" ಎಂದೆ.

ಚೇಷ್ಟೆ ಮಾಡಿದರೂ ಹಸೀನಾ ಹೊಟ್ಟೆಯಲ್ಲಿ ಅಂತಃಕರಣ ಇರುವವಳು. ಸಂಜೆಗೆ ಹಳೆಯ ಕೌದಿಯ ತುಂಡುಗಳನ್ನು ಒಗೆದು ತಂದುಕೊಟ್ಟಳು. ಮಾವಿನ ಹಣ್ಣಿನ ಕಟ್ಟಿಗೆ ಪೆಟ್ಟಿಗೆಯಲ್ಲಿ ಅವನ್ನು ಹಾಸಿ ಖೋಲಿಯ ಮೂಲೆಗಿಟ್ಟೆವು. ಬೆಕ್ಕು ಮೂಸಿ ನೋಡಿ ಒಳಗೆ ಸೇರಿತು.

ಆದರೆ ದಿನ ತುಂಬುತ್ತ ಬಂದಂತೆ ನನಗೆ ಬೇರೆ ಚಿಂತೆ ಹತ್ತಿತು. ಬೆಕ್ಕಿನ ಮೈ ಸೊರಗಿತ್ತು, ಬೆನ್ನೆಲುಬು ಎಣಿಸುವಂತಿತ್ತು. ಇದು ಹಡೆಯುವಾಗ ಸತ್ತರೆ? ಮರಿ ಸತ್ತು ಹುಟ್ಟಿದರೆ? ಅದನ್ನು ಸವಿತಾ ಕಣ್ಣಾರೆ ನೋಡಿದರೆ? ಅಥಣಿಯಿಂದ ಬೀಗತಿ ಫೋನು ಮಾಡಿ, "ಮನ್ಯಾಗ ಅಂಥಾ ಬೆಕ್ಕು ಯಾಕ ಇಟ್ಟೀರಿ? ಚೀಲದಾಗ ಹಾಕಿ ಸಂತಿ ಕಡೆ ಬಿಟ್ಟು ಬರ್ರಿ" ಎಂದರು. ಅವರು ಹೇಳಿದ್ದು ಮಗಳ ಮೇಲಿನ ಕಳಕಳಿಯಿಂದ. ನಾನು ಚೀಲವನ್ನೂ ತೆಗೆದಿಟ್ಟಿದ್ದೆ. ಒಯ್ಯಲು ಮನಸ್ಸು ಬರಲಿಲ್ಲ. ಬೆಕ್ಕು ಹೋದರೆ ಸವಿತಾ ಏಳುವುದು ಯಾರಿಗಾಗಿ?

ಮಂಗಳವಾರ ಶಿವಾನಂದನ ರಜೆ. ಅವನನ್ನು ಮನೆಯಲ್ಲಿ ಕೂರಿಸಿ ಬಸ್ಸು ಹತ್ತಿ ಚಿಂಚಲಿಗೆ ಹೋದೆ. ನಿಂತೇ ಪ್ರಯಾಣ. ಹರಕೆ, ಮುಡುಪು ಏನೂ ಹೊತ್ತುಕೊಳ್ಳಲಿಲ್ಲ, ದೇವಿಯೊಂದಿಗೆ ವ್ಯವಹಾರ ಮಾಡುವ ವಯಸ್ಸು ನನ್ನದಲ್ಲ. ಭಂಡಾರದ ಅರಿಶಿನ ಹಣೆಗಿಟ್ಟುಕೊಂಡು ಹೇಳಿದೆ: "ಯವ್ವಾ ಮಾಯಕ್ಕ, ನಾ ದಣದೀನಿ. ನಮ್ಮ ಹುಡುಗಿ ಬಾಯಾಗಿಂದ ಒಂದು ಮಾತು ಬರಲಿ. ಬೆಕ್ಕಿನ ಹೆರಿಗಿ ಸುಸೂತ್ರ ಆಗಲಿ. ಆಕಿ ಕೆಟ್ಟದ್ದೇನೂ ನೋಡೂದು ಬ್ಯಾಡ." ಮನಸ್ಸು ಹಗುರಾಗಲಿಲ್ಲ. ಬರುವಾಗಲೂ ಅದೇ ಭಾರ.

ಮರುದಿನ, ಆ ಬುಧವಾರ ಬೆಳಗ್ಗೆ ಬೆಕ್ಕಿಗೆ ನೋವು ಶುರುವಾಯಿತು. ಹಾಲು ಮುಟ್ಟಲಿಲ್ಲ. ಪೆಟ್ಟಿಗೆಯಲ್ಲಿ ಸುತ್ತುತ್ತ, ಮಲಗುತ್ತ, ಏಳುತ್ತ ಒರಲುತ್ತಿತ್ತು. "ನೀ ಒಳಗ ಹೋಗವ್ವಾ, ಚಹಾಕ್ಕ ಇಡು" ಎಂದು ಸವಿತಾಳಿಗೆ ಹೇಳಿದೆ. ಹೋಗಲಿಲ್ಲ. ಹೊಸ್ತಿಲ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಳು. ಬಿಸಿಲು ಹಿತ್ತಲಿಗೆ ಬಂತು, ಮರಿ ಬರಲಿಲ್ಲ. ಪಶುವೈದ್ಯರಿಗೆ ಫೋನು ಮಾಡಿದರೆ ಹಳ್ಳಿಯ ಕಡೆ ಎಮ್ಮೆ ನೋಡಲು ಹೋಗಿದ್ದರು, ಮಧ್ಯಾಹ್ನದ ತನಕ ಬರುವಂತಿರಲಿಲ್ಲ.

ಒಂಬತ್ತರ ಸುಮಾರಿಗೆ ಮೊದಲ ಮರಿ ಹುಟ್ಟಿತು. ಮಿಸುಕಲಿಲ್ಲ. ಬಟ್ಟೆಯಿಂದ ಒರೆಸಿ, ಬೆನ್ನು ತಿಕ್ಕಿ ನೋಡಿದೆ. ತಣ್ಣಗಿತ್ತು. ಮಾಯಕ್ಕನ ಮುಂದೆ ಯಾವುದು ಬೇಡವೆಂದು ಕೇಳಿದ್ದೆನೋ ಅದೇ ನನ್ನ ಅಂಗೈ ಮೇಲಿತ್ತು. ಆ ಗಳಿಗೆಯಲ್ಲಿ ದೇವಿಯ ಮೇಲೆ ಸಿಟ್ಟು ಬಂದದ್ದು ನಿಜ.

ಕೈ ತನ್ನ ರೂಢಿಯಂತೆ ನಡೆಯಿತು. ಸತ್ತ ಮರಿಯ ಮೇಲೆ ಬಟ್ಟೆ ಎಳೆದು, ಸವಿತಾಳಿಗೆ ಕಾಣದಂತೆ ಸೆರಗಿನ ಮರೆಯಲ್ಲಿ ಎತ್ತಿಕೊಂಡು ಏಳಹೊರಟೆ. ಅವಳು ನನ್ನ ಮುಂಗೈ ಹಿಡಿದಳು. ಅಷ್ಟು ಬಲ ಅವಳಲ್ಲಿ ಉಳಿದಿದೆ ಎಂದು ನಾನು ತಿಳಿದಿರಲಿಲ್ಲ.

"ಒಯ್ಯಬ್ಯಾಡ್ರಿ ಅತ್ತಿ" ಎಂದಳು. "ಆಕಿ ಇನ್ನೂ ನೋಡಿಲ್ಲ."

ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬಿಡಿಸಿ, ಮರಿಯನ್ನು ಬೆಕ್ಕಿನ ಮೂತಿಯ ಹತ್ತಿರ ಇಟ್ಟಳು. ಬೆಕ್ಕು ಮೂಸಿತು. ನೆಕ್ಕಿತು. ತಲೆಯಿಂದ ಬಾಲದವರೆಗೆ ನೆಕ್ಕಿ, ಮೂತಿಯಿಂದ ಹೊರಳಿಸಿ, ಮತ್ತೆ ನೆಕ್ಕಿತು. ನಾವಿಬ್ಬರೂ ನೋಡುತ್ತ ಕೂತೆವು. ಆಮೇಲೆ ಅದು ತಾನಾಗಿಯೇ ಮುಖ ತಿರುಗಿಸಿ ಮುಂದಿನ ನೋವಿಗೆ ಮೈ ಬಿಗಿಹಿಡಿಯಿತು. ಒಂದಾದ ಮೇಲೊಂದು ಎರಡು ಮರಿ, ಎರಡೂ ಕೀಚಲು ದನಿ ತೆಗೆದವು.

ನಾನು ಕೈ ಮುಗಿಯಲು ಹೊರಟಿದ್ದೆ. ಸವಿತಾ ಕೇಳಿದಳು, "ಅತ್ತಿ, ನನ್ನ ಕೂಸು ಹ್ಯಾಂಗಿತ್ತು?"

ಗೋಡೆಯಾಚೆ ಹಸೀನಾಳ ಹೊಲಿಗೆ ಮಷೀನು ನಿಂತಿತು. ದೀಪಾವಳಿಯಿಂದ ಈ ಮನೆಯಲ್ಲಿ ಎಲ್ಲರೂ ಹೆದರಿದ್ದು ಈ ಪ್ರಶ್ನೆಗೇ. ಒಂದು ಮಾತು ಬೇಡಿದ್ದೆ, ಬಂದದ್ದು ಇದು. ಬೇರೆ ಮಾತು ಕೊಡು ಎಂದು ಮತ್ತೆ ಚಿಂಚಲಿಗೆ ಹೋಗಲು ಬರುತ್ತದೆಯೇ?

"ಹೆಣ್ಣು" ಎಂದೆ. "ತಲಿ ತುಂಬ ಕೂದಲಿದ್ದು. ಹಣಿ ಶಿವಾನಂದಂದು. ಗಲ್ಲ ನಿಂದು."

"ಬಣ್ಣ?"

"ಕೆಂಪಗ, ನಿನ್ನಂಗ."

"ಕಣ್ಣು?"

"ಮುಚ್ಚಿದ್ದು. ಮಲಗಿದಂಗ ಇತ್ತು."

"ಯಾರ ಎತ್ಗೊಂಡಿದ್ರಿ?"

"ನಾನ. ಗಾಡಿ ಹತ್ತಿದಾಗಿಂದ ಮಣ್ಣು ಮಾಡೂತನಕ ನನ್ನ ತೊಡಿ ಮ್ಯಾಲನ ಇತ್ತು. ಕೆಳಗ ಇಟ್ಟಿಲ್ಲ."

"ವಜ್ಜಿತ್ತೇನ್ರಿ?"

"ಭಾರ ಇತ್ತವ್ವಾ. ಕೈ ತುಂಬ ಇತ್ತು."

ಆಗ ಅತ್ತಳು. ಬಾಯಿಗೆ ಸೆರಗು ಒತ್ತಿಕೊಳ್ಳದೆ, ಓಣಿಗೆಲ್ಲ ಕೇಳುವಂತೆ ಅತ್ತಳು. ನಾನು ಸುಮ್ಮನಿರು ಎನ್ನಲಿಲ್ಲ. ಹಸೀನಾ ಗೋಡೆಯ ಹತ್ತಿರ ಓಡಿಬಂದು, "ಏನಾತ್ರಿ ಅಕ್ಕೋರ?" ಎಂದಳು. "ಏನೂ ಆಗಿಲ್ಲ, ಅಳಾಕತ್ತಾಳ. ಅಳಲಿ ಬಿಡು" ಎಂದೆ. ಹಸೀನಾ ಅಲ್ಲೇ ನಿಂತು ಕಣ್ಣೊರೆಸಿಕೊಂಡಳು, ಆ ದಿನ ಒಂದೂ ಚೇಷ್ಟೆ ಮಾಡಲಿಲ್ಲ.

ಶಿವಾನಂದ ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಂತೆ ಸವಿತಾ ಎದುರು ನಿಂತು, "ಎಲ್ಲಿ ಇಟ್ಟೀರಿ, ಆ ಜಾಗಾ ತೋರಸ್ರಿ" ಎಂದಳು. ಅವನು ನನ್ನ ಮುಖ ನೋಡಿದ. ಕರೆದುಕೊಂಡು ಹೋಗು ಎಂದು ತಲೆಯಾಡಿಸಿದೆ. ಮಗುವನ್ನು ಮಣ್ಣು ಮಾಡಿದ್ದ ನಮ್ಮ ಹೊಲಕ್ಕೆ ಇಬ್ಬರೂ ಹೋದರು. ನಾನು ಹಿತ್ತಲ ಕರಿಬೇವಿನ ಬುಡದಲ್ಲಿ ಮಣ್ಣು ಕೆದರಿ ಸತ್ತ ಮರಿಯನ್ನು ಹೂತೆ. ಬಾಣಂತಿ ಬೆಕ್ಕಿಗೆ ಕೌದಿ ಬದಲಿಸಿದೆ, ಹಾಲು ಇಟ್ಟೆ, ಈ ಸಲ ಕುಡಿಯಿತು. ಕೈಕಾಲು ತೊಳೆದು ದೇವರ ಮುಂದೆ ಕೂತೆ.

ಸವಿತಾ ಪೂರ್ತಿ ಗುಣವಾದಳೆಂದು ಬರೆಯಲಾರೆ. ಗುಳಿಗೆ ನಡೆದಿವೆ, ಕೆಲವು ದಿನ ಇನ್ನೂ ಕತ್ತಲೆ. ಬಾವಿಯ ಜಾಳಿಗೆಯನ್ನು ನಾನು ತೆಗೆಸಿಲ್ಲ. ಆದರೆ ಈಗ ಅವಳು ಮಾತಾಡುತ್ತಾಳೆ, ಅಳುತ್ತಾಳೆ, ಮಗುವಿನ ಬಗ್ಗೆ ಕೇಳುತ್ತಾಳೆ. ಕೇಳಿದಾಗಲೆಲ್ಲ ಹೇಳುತ್ತೇನೆ. ನಾನು ದೇವಿಗೆ ಕೆಟ್ಟದ್ದನ್ನು ತೋರಿಸಬೇಡ ಎಂದೆ. ಮಾಯಕ್ಕ ನನ್ನ ಒಂದು ಬೇಡಿಕೆಯನ್ನು ತಳ್ಳಿ, ಇನ್ನೊಂದನ್ನು ಅದರಿಂದಲೇ ನಡೆಸಿಕೊಟ್ಟಳು. ಏನು ಬೇಡಬೇಕೆಂದು ನಮಗೆ ತಿಳಿಯದಿದ್ದರೂ ಏನು ಕೊಡಬೇಕೆಂದು ಆ ತಾಯಿಗೆ ತಿಳಿದಿದೆ. ಈ ನಂಬಿಕೆ ನನ್ನಲ್ಲಿ ಮೊದಲೂ ಇತ್ತು, ಈಗ ಬೇರು ಬಿಟ್ಟಿದೆ. ಅವಳಿಗೆ ನನ್ನ ಸಾಷ್ಟಾಂಗ.

ಅಂದು ಅವರು ಹೊಲದಿಂದ ಬಂದಾಗ ದೀಪ ಹಚ್ಚುವ ಹೊತ್ತು. ಸವಿತಾಳ ಅಂಗೈಯಲ್ಲಿ ಮಣ್ಣಿತ್ತು, ತೊಳೆಯಲು ನೀರು ಹಾಕಿದೆ. ಬಿಸಿ ರೊಟ್ಟಿ, ಪುಂಡಿಪಲ್ಯ. ಮೂವರೂ ಕೂತು ಉಂಡೆವು. ಆಮೇಲೆ ನಾನು ಖಾಲಿಯಾದ ಮೂರೂ ತಾಟು ತಿಕ್ಕಿ, ತೊಳೆದು, ಬೋರಲು ಹಾಕಿದೆ.